ಲಿಪಿಡ್ ರಿಪೋರ್ಟ್ ಬರೀ ಹೃದಯಕ್ಕೆ ಸಂಬಂಧಿಸಿದ್ದಲ್ಲ

ಮಗು ಬೇಕು ಅಂತ ಒಂದು ವರ್ಷ ಪ್ರಯತ್ನಿಸಿಯೂ ಆಗಲಿಲ್ಲ ಅಂದರೆ ಮೊದಲು ಡಾಕ್ಟರ ಹತ್ತಿರ ಹೋಗುವವಳು ಹೆಂಡತಿ. ಸ್ಕ್ಯಾನ್ ಅವಳಿಗೆ, ಹಾರ್ಮೋನ್ ಟೆಸ್ಟ್ ಅವಳಿಗೆ, ಮಾತ್ರೆಯೂ ಅವಳಿಗೇ. ಇಂಥ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನದ್ದೂ ಒಂದು ಕಾರಣ ಇರುತ್ತದೆ. ಆದರೂ ವೀರ್ಯ ಪರೀಕ್ಷೆ ಅಂದ ಕೂಡಲೇ ಎಷ್ಟೋ ಜನರಿಗೆ ಮರ್ಯಾದೆ ಹೋದಂತೆ ಆಗುತ್ತದೆ.

ಧೈರ್ಯ ಮಾಡಿ ಅದನ್ನು ಮಾಡಿಸಿದವರೂ ಇನ್ನೊಂದನ್ನು ಮರೆಯುತ್ತಾರೆ. ಅದು ರಕ್ತದಲ್ಲಿರುವ ಕೊಬ್ಬು, ಅಂದರೆ ಲಿಪಿಡ್. ಕೊಲೆಸ್ಟ್ರಾಲ್ 200 ದಾಟಿದೆ, ಟ್ರೈಗ್ಲಿಸರೈಡ್ 150 ದಾಟಿದೆ ಅಂದರೆ ಹಾರ್ಟ್ ಅಟ್ಯಾಕ್ ಭಯ ಬರುತ್ತದೆ, ಅಷ್ಟೇ. ಆ ರಿಪೋರ್ಟಿಗೂ ಮಗುವಿಗೂ ಏನು ಸಂಬಂಧ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು ಅನ್ನುವುದು ನನ್ನ ವಾದ.

ಇಲ್ಲೊಂದು ತಮಾಷೆ ಇದೆ. ಟೆಸ್ಟೋಸ್ಟೆರಾನ್ ತಯಾರಾಗುವುದೇ ಕೊಲೆಸ್ಟ್ರಾಲ್‌ನಿಂದ. ಹಾಗಿದ್ದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದೇ ಅಲ್ವಾ? ಅಲ್ಲ. ವೃಷಣಕ್ಕೆ ಬೇಕಾದಷ್ಟು ಸಾಮಾನ್ಯ ಮಟ್ಟದಲ್ಲೇ ಸಿಗುತ್ತದೆ. ಹೆಚ್ಚಾದದ್ದರಿಂದ ಹಾರ್ಮೋನ್ ಹೆಚ್ಚುವುದಿಲ್ಲ. ಬದಲಿಗೆ, ಕೊಬ್ಬಿನ ಜೊತೆ ಹೊಟ್ಟೆಯೂ ಬೆಳೆದಿದ್ದರೆ, ಇರುವ ಟೆಸ್ಟೋಸ್ಟೆರಾನ್‌ನಲ್ಲಿ ಒಂದಷ್ಟನ್ನು ಕೊಬ್ಬಿನ ಅಂಗಾಂಶವೇ ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ.

ವೀರ್ಯಾಣುವಿನ ವಿಷಯ ಇನ್ನೂ ಸೂಕ್ಷ್ಮ. ಅದರ ಪೊರೆಯಲ್ಲೂ ಕೊಲೆಸ್ಟ್ರಾಲ್ ಇರುತ್ತದೆ. ಹೆಣ್ಣಿನ ದೇಹ ಸೇರಿದ ಮೇಲೆ ಅದರಲ್ಲಿ ಒಂದು ಪಾಲನ್ನು ಕಳಚಿಕೊಂಡರೆ ಮಾತ್ರ ವೀರ್ಯಾಣು ಅಂಡವನ್ನು ಸೇರಲು ತಯಾರಾಗುತ್ತದೆ. ಕೊಬ್ಬು ತಿನ್ನಿಸಿ ಸಾಕಿದ ಮೊಲಗಳಲ್ಲಿ ಈ ಪೊರೆಯ ಕೊಲೆಸ್ಟ್ರಾಲ್ ಹೆಚ್ಚಾಗಿ, ಈ ತಯಾರಿಯೇ ಕುಂಟಿದ್ದು ಕಂಡಿದೆ. ಜೊತೆಗೆ ಈ ಪೊರೆಯಲ್ಲಿ ಬೇಗ ಕೆಡುವ ಜಾತಿಯ ಕೊಬ್ಬಿನಾಮ್ಲಗಳು ತುಂಬಾ ಇವೆ. ದೇಹದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಕೋಶಗಳನ್ನು ಕೆಡಿಸುವ ಆಮ್ಲಜನಕದ ಚುರುಕು ಕಣಗಳ ಹಾವಳಿ, ಏರಿದರೆ ಮೊದಲ ಏಟು ಬೀಳುವುದು ಅಲ್ಲಿಗೆ. ರಿಪೇರಿ ಮಾಡಿಕೊಳ್ಳುವ ಸಾಮಾನು ಆ ಪುಟ್ಟ ಕೋಶದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇದೆಲ್ಲ ಮೊಲದ ಕಥೆ, ಮನುಷ್ಯರದ್ದು ಹೇಳಿ ಅನ್ನುತ್ತೀರಾ? ಅಮೆರಿಕದ ಮಿಶಿಗನ್ ಮತ್ತು ಟೆಕ್ಸಾಸ್‌ನಲ್ಲಿ 2005ರಿಂದ 2009ರವರೆಗೆ 501 ಜೋಡಿಗಳನ್ನು ಸೇರಿಸಿಕೊಂಡು ಲೈಫ್ ಅನ್ನುವ ಅಧ್ಯಯನ ನಡೆಯಿತು. ಇವರು ಚಿಕಿತ್ಸೆಗೆ ಬಂದವರಲ್ಲ, ಮಗು ಬೇಕು ಅಂತ ಗರ್ಭನಿರೋಧಕ ಬಿಟ್ಟ ಸಾಮಾನ್ಯ ಜನ. 2014ರಲ್ಲಿ ಬಂದ ಫಲಿತಾಂಶದ ಪ್ರಕಾರ, ರಕ್ತದಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇದ್ದ ಗಂಡಸರಲ್ಲಿ ಅಕ್ರೋಸೋಮ್ ಸರಿಯಾಗಿರುವ ವೀರ್ಯಾಣುಗಳು ಕಡಿಮೆ ಇದ್ದವು, ತಲೆಯ ಗಾತ್ರವೂ ಚಿಕ್ಕದಿತ್ತು. ಅಕ್ರೋಸೋಮ್ ಅಂದರೆ ವೀರ್ಯಾಣುವಿನ ತಲೆಗೆ ಹಾಕಿದ ಟೋಪಿ ಇದ್ದಂತೆ. ಅಂಡದ ಹೊರಪದರ ದಾಟಲು ಬೇಕಾದ ಕಿಣ್ವಗಳು ಅದರಲ್ಲಿರುತ್ತವೆ. ಗಂಡ ಹೆಂಡತಿ ಇಬ್ಬರಿಗೂ ಫ್ರೀ ಕೊಲೆಸ್ಟ್ರಾಲ್ (ಕೊಬ್ಬಿನಾಮ್ಲದ ಜೊತೆ ಬೆಸೆಯದೆ ಬಿಡಿಯಾಗಿರುವ ಕೊಲೆಸ್ಟ್ರಾಲ್) ಹೆಚ್ಚಿದ್ದ ಜೋಡಿಗಳಿಗೆ ಗರ್ಭ ನಿಲ್ಲಲು ಹೆಚ್ಚು ಸಮಯವೂ ಹಿಡಿಯಿತು.

ಸಾಮಾನ್ಯ ವೀರ್ಯ ಪರೀಕ್ಷೆ ಮುಖ್ಯವಾಗಿ ಎಣಿಕೆ, ಚಲನೆ, ಆಕಾರ ನೋಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಪ್ರತಿ ಮಿಲಿಲೀಟರಿಗೆ 1 ಕೋಟಿ 60 ಲಕ್ಷ ದಾಟಿದರೆ ಎಣಿಕೆ ಪರವಾಗಿಲ್ಲ. ಆದರೆ ಟೋಪಿ ಗಟ್ಟಿಯಿದೆಯಾ ಅನ್ನುವುದು ಆ ಅಂಕಿಯಲ್ಲಿ ಕಾಣುವುದಿಲ್ಲ. ‘ಕೌಂಟ್ ಚೆನ್ನಾಗಿದೆ, ನನ್ನದೇನೂ ತೊಂದರೆ ಇಲ್ಲ’ ಅಂತ ಎದೆಯುಬ್ಬಿಸುವವರಿಗೆ ಇದನ್ನು ಹೇಳಬೇಕು ಅನಿಸುತ್ತದೆ.

ಹಾಗಂತ ಅತಿ ಮಾಡಬಾರದು. ಲೈಫ್ ತೋರಿಸಿದ್ದು ಸಂಬಂಧವನ್ನು, ಕೊಲೆಸ್ಟ್ರಾಲೇ ಕಾರಣ ಅಂತ ಅದು ಸಾಬೀತು ಮಾಡಿಲ್ಲ. ಕೊಲೆಸ್ಟ್ರಾಲ್ ಹೆಚ್ಚಿದ್ದೂ ತಂದೆಯಾದವರು ಬೇಕಾದಷ್ಟಿದ್ದಾರೆ. ವೆರಿಕೋಸೀಲ್ (ವೃಷಣದ ಸುತ್ತಲಿನ ರಕ್ತನಾಳಗಳು ಉಬ್ಬುವುದು), ಸೋಂಕು, ಜೀನಿನ ದೋಷ, ಸಿಗರೇಟು, ಹೀಗೆ ಬೇರೆ ಕಾರಣಗಳೂ ಇವೆ. ಸಣ್ಣಗಿರುವವರೂ ಸುಮ್ನೆ ನಿಶ್ಚಿಂತೆಯಿಂದ ಇರುವಂತಿಲ್ಲ. ವಂಶದಿಂದ ಬರುವ ಕೊಲೆಸ್ಟ್ರಾಲ್ ಮೈಕಟ್ಟು ನೋಡಿ ಬರುವುದಿಲ್ಲ.

ನನಗೆ ಸಿಟ್ಟು ಬರುವುದು ಅಡ್ಡದಾರಿಗಳ ಮೇಲೆ. ‘ಶಕ್ತಿ ಹೆಚ್ಚಲಿ’ ಅಂತ ಜಿಮ್ಮಿನಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಳ್ಳುವವರಿದ್ದಾರೆ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ವೃಷಣಕ್ಕೆ ಕಳಿಸುವ ಸೂಚನೆಯನ್ನೇ ನಿಲ್ಲಿಸುತ್ತದೆ. ವೀರ್ಯಾಣು ಸೊನ್ನೆಗೆ ಇಳಿಯಬಹುದು! ಮಗು ಬೇಕು ಅನ್ನುವವನು ಮಾಡಬಾರದ ಕೆಲಸ ಇದು. ಇನ್ನು ‘ಮೇಲ್ ಫರ್ಟಿಲಿಟಿ’ ಅಂತ ಮಾರುವ ಸತು, ಫೋಲಿಕ್ ಆಮ್ಲದ ಡಬ್ಬಿಗಳು. 2,370 ಗಂಡಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇವುಗಳಿಂದ ವೀರ್ಯದ ಗುಣಮಟ್ಟವೂ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಹೆಚ್ಚಲಿಲ್ಲ. ಆ ದುಡ್ಡಿನಲ್ಲಿ ಲಿಪಿಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ನಿಮಿರುವಿಕೆಯ ತೊಂದರೆ ಇದ್ದರಂತೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಕೊಬ್ಬಿನ ಪೆಟ್ಟು ಎಷ್ಟೋ ಸಲ ಮೊದಲು ಅಲ್ಲೇ ಗೊತ್ತಾಗುತ್ತದೆ, ಎದೆನೋವು ಬರುವುದು ಆಮೇಲೆ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿರುವವರು ಇದನ್ನು ಓದಿ ನಾಳೆಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ತೂಕ, ಓಡಾಟ, ಊಟ ಬದಲಿಸಿದವರು ಎರಡೇ ವಾರಕ್ಕೆ ಮತ್ತೆ ವೀರ್ಯ ಪರೀಕ್ಷೆಗೆ ಓಡಿದರೆ ಪ್ರಯೋಜನವಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಅದು ಬಲಿತು ಹೊರಬರಲು ಇನ್ನೊಂದೆರಡು ವಾರ. ಅಂದರೆ ಮೂರು ತಿಂಗಳು. ಆದರೆ ಹೆಂಡತಿಗೆ 35 ದಾಟಿದ್ದರೆ ವರ್ಷ ಕಾಯಬೇಡಿ, ಆರು ತಿಂಗಳಿಗೇ ಇಬ್ಬರೂ ಒಟ್ಟಿಗೆ ಹೋಗಿ ತೋರಿಸಿಕೊಳ್ಳಿ. ಹೋಗುವಾಗ ನಿಮ್ಮ ಲಿಪಿಡ್ ರಿಪೋರ್ಟನ್ನೂ ಫೈಲಿನಲ್ಲಿ ಇಟ್ಟುಕೊಳ್ಳಿ.