ಖಾಲಿ ಬಿಡುವ ಕಷ್ಟ

ಬಳ್ಳಾರಿಯ ಅಂಚಿನಲ್ಲಿ ಹೊಸದಾಗಿ ಏಳುವ ಬಡಾವಣೆಗಳ ನಕ್ಷೆಯಲ್ಲಿ ಹಸಿರು ಬಳಿದ ಒಂದು ಚೌಕವಿರುತ್ತದೆ. ಅದರೊಳಗೆ ‘ಉದ್ಯಾನ ಮತ್ತು ಆಟದ ಮೈದಾನ’ ಎಂದು ಬರೆದಿರುತ್ತಾರೆ. ನಿವೇಶನ ಕೊಳ್ಳುವವರಿಗೆ ಆ ಹಸಿರು ಬಹಳ ಹಿಡಿಸುತ್ತದೆ. ಗೃಹಪ್ರವೇಶದ ಊಟಗಳೆಲ್ಲ ಮುಗಿದ ಮೇಲೆ ಸ್ಥಳಕ್ಕೆ ಹೋಗಿ ನೋಡಿದರೆ ಹಸಿರೇನೋ ಇರುತ್ತದೆ, ಆದರೆ ಅದು ನಮ್ಮೂರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯದು. ಅದರ ಮುಳ್ಳಿಗೆ ಮಕ್ಕಳ ಚಪ್ಪಲಿಯೂ ಒಂದೇ, ಕ್ರಿಕೆಟ್ ಚೆಂಡೂ ಒಂದೇ.

ಜಾಲಿಯ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ, ಅದನ್ನು ಜೆಸಿಬಿ ತರಿಸಿ ಕೀಳಿಸಬಹುದು. ನನಗಿರುವ ಅಂಜಿಕೆ ಜಾಗ ಹಸನಾದ ಮರುದಿನದ್ದು. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುವುದು ದೊಡ್ಡವರಾದ ನಮ್ಮ ಕೈಲಾಗುವ ಕೆಲಸವಲ್ಲ. ಒಬ್ಬರಿಗೆ ಅಲ್ಲಿ ಗಣೇಶನ ಗುಡಿ ಕಾಣಿಸುತ್ತದೆ, ಇನ್ನೊಬ್ಬರಿಗೆ ಸಮುದಾಯ ಭವನ, ಮತ್ತೊಬ್ಬರಿಗೆ ನೀರಿನ ಟ್ಯಾಂಕು. ಇವು ಯಾವುವೂ ಬರುವ ಮುನ್ನವೇ ಮನೆ ಕಟ್ಟಿಸುವವರ ಮರಳು, ಜಲ್ಲಿ ಬಂದು ಬಿದ್ದಿರುತ್ತವೆ. ಜಲ್ಲಿಯೊಂದನ್ನು ಬಿಟ್ಟರೆ ಉಳಿದವೆಲ್ಲ ಒಳ್ಳೆಯ ಕೆಲಸಗಳೇ ಆದ್ದರಿಂದ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಮಕ್ಕಳನ್ನಂತೂ ಯಾರೂ ಕೇಳುವುದಿಲ್ಲ, ಅವರಿಗೆ ಮತವಿಲ್ಲ.

ಇಂಥ ಒಳ್ಳೆಯ ಕೆಲಸವೊಂದು ಹಿಂದೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹೈಕೋರ್ಟು ಆ ಹಂಚಿಕೆಯನ್ನು ರದ್ದುಪಡಿಸಿತು, 1991ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆಸ್ಪತ್ರೆಯೇ ನಿಲ್ಲಲಿಲ್ಲವೆಂದ ಮೇಲೆ ನಮ್ಮ ಜಲ್ಲಿ ರಾಶಿಯ ಹಕ್ಕೇನು? ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳನ್ನು ಕಾಪಾಡಲು ರಾಜ್ಯದಲ್ಲಿ 1985ರ ಕಾಯ್ದೆಯೂ ಇದೆ.

ಇಷ್ಟೆಲ್ಲ ದಾಟಿ ಉಳಿದುಕೊಂಡ ಜಾಗಕ್ಕೆ ಅಭಿವೃದ್ಧಿಯ ಗಂಡಾಂತರ ಕಾದಿರುತ್ತದೆ. ಸುತ್ತ ಗ್ರಿಲ್ಲು, ಒಳಗೆ ಟೈಲ್ಸ್ ಹಾಸಿದ ವಾಕಿಂಗ್ ದಾರಿ, ನಡುವೆ ತುಳಿಯಬಾರದ ಹುಲ್ಲು, ಗೇಟಿನಲ್ಲಿ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕ. ಮಕ್ಕಳ ಪಾಲಿಗೆಂದು ನಿಲ್ಲಿಸಿದ ಕಬ್ಬಿಣದ ಜಾರುಬಂಡೆಯ ಮೇಲೆ, ಏಪ್ರಿಲಿನಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ, ಹೊತ್ತೇರಿದ ಮೇಲೆ ಒಮ್ಮೆ ಕುಳಿತ ಮಗು ಎರಡನೆಯ ಸಲ ಕೂರುವುದಿಲ್ಲ. ಬಿಸಿಲು ತಗ್ಗುವ ಹೊತ್ತಿಗೆ ಸಕ್ಕರೆ ಕಾಯಿಲೆಯ ಹಿರಿಯರು ನಡೆಯಲು ಬರುತ್ತಾರೆ (ನಾನೂ ಅವರಲ್ಲೊಬ್ಬ), ಮಕ್ಕಳಿಗೂ ಅದೇ ಹೊತ್ತು ಬೇಕು, ಮತ್ತು ಫಲಕ ಬರೆಸುವವರು ಯಾವಾಗಲೂ ನಾವೇ.

ನಿಜಕ್ಕೂ ಬೇಕಾಗಿರುವುದು ಸ್ವಲ್ಪವೇ: ಸಮತಟ್ಟಾದ ಮಣ್ಣು, ಅಂಚಿನಲ್ಲಿ ಬೇವು ಹೊಂಗೆಗಳ ನೆರಳು, ಒಂದು ನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಎಂಟು ವರ್ಷದ ಮಗು ದೊಡ್ಡ ರಸ್ತೆ ದಾಟದೆ ತಾನೇ ನಡೆದು ಹೋಗುವಷ್ಟು ಹತ್ತಿರ. ಊರ ನಡುವಿನ ದೊಡ್ಡ ಮೈದಾನಕ್ಕೆ ಹುಡುಗರು ಹೇಗೋ ಸೈಕಲ್ಲು ತುಳಿದು ಹೋಗುತ್ತಾರೆ. ಆ ದೂರದಿಂದಾಗಿ ಮನೆಯಲ್ಲಿ ಉಳಿಯುವವರು ಹುಡುಗಿಯರು. ಅಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಜಾಗವಿದ್ದರೆ ಕುಂಟೆಬಿಲ್ಲೆಯೂ ಲಗೋರಿಯೂ ಕ್ರಿಕೆಟ್ಟಿನ ಪಕ್ಕದಲ್ಲೇ ತಮ್ಮ ಮೂಲೆ ಹಿಡಿಯುತ್ತವೆ.

ಕೌಲ್ ಬಜಾರಿನಂಥ ಹಳೆಯ, ಒತ್ತಾದ ಪ್ರದೇಶಗಳಲ್ಲಿ ಇನ್ನು ಹೊಸ ಜಾಗ ಹುಟ್ಟುವುದು ಕಷ್ಟ. ಅಂಥ ಕಡೆ ಶಾಲೆಗಳ ಅಂಗಳವನ್ನಾದರೂ ಸಂಜೆ ಮತ್ತು ರಜೆಯಲ್ಲಿ ತೆರೆದಿಡಬಹುದು. ಬೀಗದ ಕೈ ಯಾರ ಬಳಿ ಇರಬೇಕು, ಒಡೆದ ಕಿಟಕಿ ಗಾಜಿಗೆ ದುಡ್ಡು ಕೊಡುವವರು ಯಾರು ಎಂಬಷ್ಟನ್ನು ಓಣಿಯ ನಾಲ್ಕು ಜನ ಮುಖ್ಯೋಪಾಧ್ಯಾಯರೊಂದಿಗೆ ಕುಳಿತು ತೀರ್ಮಾನಿಸಿಕೊಂಡರೆ, ಬರುವ ಬೇಸಿಗೆ ರಜೆಯಿಂದಲೇ ಗೇಟು ತೆರೆಯಬಹುದು.