ಮೈಕ್ ಟೆಸ್ಟ್ ಮಾಡ್ತೀರಿ, ವಿಡಿಯೋ ಯಾಕೆ ಮಾಡಲ್ಲ?

ನಮ್ಮಲ್ಲಿ ಯಾವ ಕಾರ್ಯಕ್ರಮವೇ ಇರಲಿ, ಶುರುವಾಗುವ ಒಂದು ಗಂಟೆ ಮೊದಲು ಯಾರಾದರೂ ವೇದಿಕೆ ಹತ್ತಿ "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಅಂದೇ ಅನ್ನುತ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ, ತಾನಾಗೇ ನಡೆಯುತ್ತದೆ. ಅದೇ ವೇದಿಕೆಯ ಹಿಂದೆ ಬಾಡಿಗೆಗೆ ತಂದ ದೊಡ್ಡ ಎಲ್‌ಇಡಿ ಪರದೆ ನಿಂತಿರುತ್ತದೆ. ಅದರಲ್ಲಿ ಓಡಬೇಕಾದ ವಿಡಿಯೋವನ್ನು ಒಂದು ಸಲ ಹಾಕಿ ನೋಡೋಣ ಅಂತ ಮಾತ್ರ ಯಾರಿಗೂ ಅನ್ನಿಸುವುದಿಲ್ಲ. ಸ್ವಾಗತ ಭಾಷಣ ನಡೆಯುತ್ತಿರುವಾಗ ಒಬ್ಬರು ಬಗ್ಗಿಕೊಂಡು ಬಂದು ಕೈಗೆ ಪೆನ್‌ಡ್ರೈವ್ ತುರುಕುತ್ತಾರೆ. "ಒಂದು ಚಿಕ್ಕ ವಿಡಿಯೋ ಇದೆ. ಸರ್ ಮಾತು ಮುಗಿದ ತಕ್ಷಣ ಹಾಕಿಬಿಡಿ, ಅಷ್ಟೇ."

ಆ "ಅಷ್ಟೇ" ಕೇಳಿದರೆ ನನಗೆ ಈಗಲೂ ಬೆವರು ಬರುತ್ತದೆ.

ಭಾನುವಾರ ನಮ್ಮ ಚರ್ಚಿನಲ್ಲಿ ಸ್ಕ್ರೀನ್ ನೋಡಿಕೊಳ್ಳುವುದು ನನ್ನ ಪಾಲಿನ ಸೇವೆ. ಹಾಡಿನ ಸಾಲುಗಳು, ಬೈಬಲ್ ವಾಕ್ಯಗಳು, ನಡುವೆ ಒಂದೆರಡು ವಿಡಿಯೋ. ಇದು ಗೊತ್ತಾದ ಮೇಲೆ ಬಡಾವಣೆಯ ರಾಜ್ಯೋತ್ಸವ, ಶಾಲೆಯ ವಾರ್ಷಿಕೋತ್ಸವ, ನೆಂಟರ ಮನೆ ಆರತಕ್ಷತೆ, ಎಲ್ಲ ಕಡೆ "ಅವನಿಗೆ ಬರುತ್ತೆ, ಅವನನ್ನೇ ಕೂರಿಸಿ" ಅನ್ನುವಂತಾಯಿತು. ಪವರ್‌ಪಾಯಿಂಟ್, ಈಸಿವರ್ಶಿಪ್, ಪ್ರೊಪ್ರೆಸೆಂಟರ್, ಹೀಗೆ ಪರದೆಗೆ ಹಾಡು, ವಿಡಿಯೋ ಹಾಕುವ ಸಾಫ್ಟ್‌ವೇರ್‌ಗಳಲ್ಲಿ ಸಿಕ್ಕಿದ್ದರಲ್ಲಿ ಓಡಿಸುತ್ತೇನೆ. ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ನನಗೆ ಅನ್ನಿಸಿದ್ದು ಒಂದೇ. ವಿಡಿಯೋ ಕೈಕೊಟ್ಟಾಗ ಎಲ್ಲರೂ ಲ್ಯಾಪ್‌ಟಾಪ್ ಕಡೆ ನೋಡುತ್ತಾರೆ, ಆಮೇಲೆ ಅದರ ಮುಂದೆ ಕೂತವನ ಮುಖ ನೋಡುತ್ತಾರೆ. ಮುಕ್ಕಾಲು ಪಾಲು ಸಲ ತೊಂದರೆ ಇರುವುದು ತಂದುಕೊಟ್ಟ ಫೈಲಿನಲ್ಲಿ, ಅದು ಬಂದು ಸೇರಿದ ಹೊತ್ತಿನಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ. ಮುಖ್ಯೋಪಾಧ್ಯಾಯರೊಬ್ಬರ ನಿವೃತ್ತಿ ಸಮಾರಂಭ. ಅಮೆರಿಕದಲ್ಲಿರುವ ಮಗ ಅಪ್ಪನಿಗೆ ಅಂತ ಐಫೋನಿನಲ್ಲಿ ಒಂದು ವಿಡಿಯೋ ಮಾಡಿ ಕಳಿಸಿದ್ದ. ಕೈಗೆ ಬಂದದ್ದು ಸನ್ಮಾನ ನಡೆಯುವಾಗ. ಸ್ಲೈಡಿಗೆ ಸೇರಿಸಿ ಒತ್ತಿದರೆ ಮಗನ ದನಿ ಸ್ಪಷ್ಟವಾಗಿ ಕೇಳಿಸುತ್ತಿದೆ, ಪರದೆ ಮಾತ್ರ ಕಪ್ಪು. "ಅಪ್ಪಾ, ನಾನು ಬರೋಕಾಗಲಿಲ್ಲ" ಅನ್ನುತ್ತಿದ್ದಾನೆ, ಮೇಷ್ಟ್ರು ಶಾಲು ಹೊದ್ದುಕೊಂಡು ಕಪ್ಪು ಪರದೆ ನೋಡುತ್ತಾ ನಿಂತಿದ್ದಾರೆ. ಹಿಂದಿನ ಸಾಲಿನಿಂದ "ಪ್ರೊಜೆಕ್ಟರ್ ಹೋಗಿದೆ ಕಣ್ರೀ" ಅಂತ ಒಬ್ಬರ ತೀರ್ಪು. ಅಲ್ಲಿ ಪ್ರೊಜೆಕ್ಟರೇ ಇರಲಿಲ್ಲ, ಇದ್ದದ್ದು ಎಲ್‌ಇಡಿ!

ದನಿ ಬಂದು ಚಿತ್ರ ಬಾರದೆ ಇರುವುದು ವಿಚಿತ್ರ ಅನ್ನಿಸಬಹುದು, ಆದರೆ ಅದೇ ದೊಡ್ಡ ಸುಳಿವು. ಫೈಲಿನ ಹೆಸರಿನ ಕೊನೆಗೆ ಬರುವ ಎಂಪಿ4, ಎಂಒವಿ ಅನ್ನುವುದೆಲ್ಲ ಬರೀ ಬುತ್ತಿ ಡಬ್ಬಿಯ ಹೆಸರು. ಒಳಗೆ ಚಿತ್ರಾನ್ನ ಇದೆಯೋ ಮುದ್ದೆ ಇದೆಯೋ ಡಬ್ಬಿ ಹೇಳುವುದಿಲ್ಲ. ಒಳಗಿನ ಚಿತ್ರವನ್ನು ಯಾವ ಕೋಡೆಕ್‌ನಲ್ಲಿ, ಅಂದರೆ ವಿಡಿಯೋವನ್ನು ಕುಗ್ಗಿಸಿ ಕಟ್ಟುವ, ಆಮೇಲೆ ಬಿಚ್ಚುವ ಯಾವ ವಿಧಾನದಲ್ಲಿ ಕಟ್ಟಿದ್ದಾರೆ ಅನ್ನುವುದು ಮುಖ್ಯ. 2003ರಲ್ಲಿ ಬಂದ ಎಚ್.264 ಈಗ ಹೆಚ್ಚುಕಮ್ಮಿ ಎಲ್ಲ ಕಡೆ ಓಡುತ್ತದೆ. 2013ರಲ್ಲಿ ಬಂದ ಎಚ್.265, ಅಂದರೆ ಎಚ್‌ಇವಿಸಿ, ಜಾಗ ಕಡಿಮೆ ತಿನ್ನುತ್ತದೆ. ಆದರೆ ಅದನ್ನು ಬಿಚ್ಚಲು ಬೇಕಾದ ತುಣುಕು ಎಲ್ಲ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಇರುವುದಿಲ್ಲ. ಕೆಲವದರಲ್ಲಿ ಮೊದಲೇ ಹಾಕಿಕೊಟ್ಟಿರುತ್ತಾರೆ, ಉಳಿದವರು ಮೈಕ್ರೋಸಾಫ್ಟ್ ಸ್ಟೋರಿನಿಂದ ಸ್ವಲ್ಪ ದುಡ್ಡು ಕೊಟ್ಟು ಹಾಕಿಕೊಳ್ಳಬೇಕು. 2017ರಲ್ಲಿ ಐಒಎಸ್ 11 ಬಂದಾಗಿನಿಂದ ಐಫೋನ್ ತಾನಾಗೇ ಎಚ್‌ಇವಿಸಿಯಲ್ಲಿ ರೆಕಾರ್ಡ್ ಮಾಡುತ್ತದೆ. ಧ್ವನಿಯ ಕೋಡೆಕ್ ಮಾತ್ರ ಎಂದಿನ ಎಎಸಿ, ಅದನ್ನು ವಿಂಡೋಸ್ ಬಿಚ್ಚಬಲ್ಲದು. ಹಾಗಾಗಿ ಧ್ವನಿ ಬಿಚ್ಚಿಕೊಂಡಿತು, ಚಿತ್ರ ಒಳಗೇ ಉಳಿಯಿತು. ಪವರ್‌ಪಾಯಿಂಟ್ ಕೆಟ್ಟಿರಲಿಲ್ಲ, ಎಲ್‌ಇಡಿಯೂ ಕೆಟ್ಟಿರಲಿಲ್ಲ.

ಐಫೋನ್ ಇರುವವರಿಗೆ ಒಂದು ಮನವಿ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್. ಕಾರ್ಯಕ್ರಮಕ್ಕೆ ಅಂತ ವಿಡಿಯೋ ಮಾಡುವ ದಿನ ಇದನ್ನು ಒತ್ತಿಬಿಡಿ. ಬೆಳಕು, ಬಣ್ಣ ಹೆಚ್ಚು ಎದ್ದು ಕಾಣುವಂತೆ ರೆಕಾರ್ಡ್ ಮಾಡುವ ಎಚ್‌ಡಿಆರ್ ಅನ್ನುವುದನ್ನೂ ಆಫ್ ಮಾಡಿ. 2020ರ ಐಫೋನ್ 12ರಿಂದ ಈಚೆಗೆ ಅದೂ ಬಂದಿದೆ. ಫೋನಿನಲ್ಲಿ ನೋಡಿದರೆ ಝಗಮಗ ಅನ್ನುತ್ತದೆ, ಸಭಾಂಗಣದ ಪರದೆಯಲ್ಲಿ ಅದೇ ಮುಖಗಳು ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತವೆ.

"ನಮ್ಮ ಮನೇಲಿ ಚೆನ್ನಾಗಿ ಓಡಿತ್ತಲ್ಲ?" ಅಂತ ಕೇಳುತ್ತಾರೆ. ಓಡಿರುತ್ತದೆ, ಯಾಕೆಂದರೆ ಮನೆಯಲ್ಲಿ ನೋಡಿದ್ದು ವಿಎಲ್‌ಸಿಯಲ್ಲಿ. ಆ ಕಿತ್ತಳೆ ಬಣ್ಣದ ಕೋನ್ ಇರುವ ಪ್ಲೇಯರ್ ಬೇಕಾದ ಕೋಡೆಕ್‌ಗಳನ್ನೆಲ್ಲ ತನ್ನ ಜೊತೆಗೇ ಹೊತ್ತು ತಿರುಗುತ್ತದೆ, ವಿಂಡೋಸ್‌ನ ಹಂಗು ಅದಕ್ಕೆ ಇಲ್ಲ. ಪವರ್‌ಪಾಯಿಂಟ್ ವಿಂಡೋಸ್ ಕೊಟ್ಟದ್ದನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ವಿಎಲ್‌ಸಿಯಲ್ಲಿ ಓಡಿತು ಅನ್ನುವುದು ಯಾವ ಸಾಕ್ಷಿಯೂ ಅಲ್ಲ. ಆದರೆ ಅದೇ ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿದರೆ ಒಳಗೆ ಯಾವ ಕೋಡೆಕ್ ಇದೆ ಅಂತ ತೋರಿಸುತ್ತದೆ. ನನಗೆ ಆ ಪ್ಲೇಯರಿಂದ ಜಾಸ್ತಿ ಉಪಯೋಗ ಆಗಿರುವುದು ಇದೇ.

ಮೇಷ್ಟ್ರ ಕಾರ್ಯಕ್ರಮ ಏನಾಯಿತು ಅಂದ್ರಾ? ವಿಎಲ್‌ಸಿ ತೆರೆದು, ಕಿಟಕಿಯನ್ನು ಎರಡನೇ ಪರದೆಗೆ ಎಳೆದು, ಫುಲ್ ಸ್ಕ್ರೀನ್ ಮಾಡಿ ಹಾಕಿದೆ. ಹಾಗೆ ಮಾಡುವಷ್ಟರಲ್ಲಿ ನನ್ನ ಡೆಸ್ಕ್‌ಟಾಪ್, ಅದರ ಮೇಲಿದ್ದ ಗ್ಯಾಸ್ ಬಿಲ್, ಆಧಾರ್ ಸ್ಕ್ಯಾನ್ ಫೋಲ್ಡರ್ ಎಲ್ಲವೂ ಇಡೀ ಸಭೆಗೆ ದರ್ಶನ ಕೊಟ್ಟವು.

ಈಗ ಮದುವೆ ವಿಡಿಯೋದವರ ವಿಷಯಕ್ಕೆ ಬರೋಣ. ಇವರ ಮೇಲೆ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಪ್ರೀ-ವೆಡ್ಡಿಂಗ್ ಹಾಡನ್ನು 4ಕೆಯಲ್ಲಿ ತಂದುಕೊಡುತ್ತಾರೆ. 3840 ಗುಣಿಸು 2160. "ಫುಲ್ ಕ್ವಾಲಿಟಿ ಸರ್" ಅನ್ನುತ್ತಾರೆ. ಸರಿ, ಆ ಕಲ್ಯಾಣ ಮಂಟಪದ ಎಲ್‌ಇಡಿ ಎಷ್ಟು ಪಿಕ್ಸೆಲ್ ತೋರಿಸುತ್ತದೆ ಅಂತ ಲೆಕ್ಕ ಹಾಕೋಣ. ಬಾಡಿಗೆಗೆ ಬರುವ ಪಿ 3.91 ಅನ್ನುವ ಪರದೆಯಲ್ಲಿ ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಗೆ 3.91 ಮಿಲಿಮೀಟರ್. ಅರ್ಧ ಮೀಟರಿನ ಒಂದು ಚೌಕಕ್ಕೆ ಅಡ್ಡಕ್ಕೆ 128 ಪಿಕ್ಸೆಲ್, ಮೇಲಕ್ಕೆ 128. ಅಡ್ಡಕ್ಕೆ 7, ಮೇಲಕ್ಕೆ 5 ಚೌಕ ಜೋಡಿಸಿದರೆ ಸುಮಾರು ಹನ್ನೊಂದೂವರೆ ಅಡಿಗೆ ಎಂಟು ಅಡಿಯ ಗೋಡೆ ಆಗುತ್ತದೆ. ಅದರಲ್ಲಿ ಇರುವುದು ಬರೀ 896 ಗುಣಿಸು 640 ಪಿಕ್ಸೆಲ್. ನಿಮ್ಮ ಜೇಬಿನಲ್ಲಿರುವ ಫೋನ್ ಇದಕ್ಕಿಂತ ಹೆಚ್ಚು ತೋರಿಸುತ್ತದೆ! 4ಕೆ ಫೈಲಿನಿಂದ ಆ ಗೋಡೆಗೆ ಬಿಡಿಗಾಸಿನ ಲಾಭವಿಲ್ಲ. ಲ್ಯಾಪ್‌ಟಾಪ್ ಮಾತ್ರ 1080ಪಿಗಿಂತ, ಅಂದರೆ ಫುಲ್ ಎಚ್‌ಡಿಗಿಂತ, ನಾಲ್ಕು ಪಟ್ಟು ಪಿಕ್ಸೆಲ್ ಬಿಚ್ಚುತ್ತಾ ಏದುಸಿರು ಬಿಡುತ್ತದೆ. ಮದುಮಗಳು ಓಡಿಬರುವ ದೃಶ್ಯ ತಡವರಿಸುತ್ತದೆ, ಆಮೇಲೆ "ಯಾವ ಡಬ್ಬಾ ಲ್ಯಾಪ್‌ಟಾಪ್ ಇದು" ಅನ್ನುವ ಮಾತು ಬರುತ್ತದೆ.

ಅದರ ಜೊತೆಗೆ ಕೆಲವರು ಒಳ್ಳೆ ಕ್ಯಾಮೆರಾದ 10 ಬಿಟ್, ಅಂದರೆ ಬಣ್ಣದ ವಿವರ ಹೆಚ್ಚಿರುವ ಫೈಲನ್ನು ಹಾಗೇ ಕೊಟ್ಟುಬಿಡುತ್ತಾರೆ. ಎಡಿಟಿಂಗ್ ಟೇಬಲ್ ಮೇಲೆ ಅದು ಚಿನ್ನ. ಆದರೆ 10 ಬಿಟ್ ಎಚ್.264 ಅನ್ನು ಸಾಮಾನ್ಯ ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ಚಿಪ್ ಮುಟ್ಟುವುದೇ ಇಲ್ಲ, ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಕೊಡುವಾಗ 1080ಪಿ, 8 ಬಿಟ್, ಎಚ್.264ರಲ್ಲಿ ಒಂದು ಕಾಪಿ ಮಾಡಿಕೊಡಿ ಮಾರಾಯ್ರೆ.

ಪೆನ್‌ಡ್ರೈವ್‌ನಿಂದಲೇ ನೇರವಾಗಿ ಓಡಿಸುವುದು ಇನ್ನೊಂದು ಕೆಟ್ಟ ಅಭ್ಯಾಸ. ಅಗ್ಗದ ಡ್ರೈವ್ ನಡುವೆ ಒಂದು ಕ್ಷಣ ತಡಮಾಡಿದರೂ ವಿಡಿಯೋ ನಿಲ್ಲುತ್ತದೆ. ಮೊದಲು ಲ್ಯಾಪ್‌ಟಾಪಿಗೆ ಕಾಪಿ ಮಾಡಿ. ಆದರೆ ಒನ್‌ಡ್ರೈವ್ ಫೋಲ್ಡರಿನಲ್ಲಿ ಇಟ್ಟರೆ ಹುಷಾರು. ಫೈಲಿನ ಪಕ್ಕ ಮೋಡದ ಚಿತ್ರ ಕಂಡರೆ ಹೆಸರು ಮಾತ್ರ ಇಲ್ಲಿದೆ, ಸರಕು ಇಂಟರ್ನೆಟ್ಟಿನಲ್ಲಿದೆ ಅಂತ ಅರ್ಥ. ನೆಲಮಾಳಿಗೆಯ ಸಭಾಂಗಣದಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲದಾಗ ಆ ಮೋಡ ಮಳೆ ಸುರಿಸುವುದಿಲ್ಲ.

ಯೂಟ್ಯೂಬ್ ಲಿಂಕ್ ಕೊಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಎದ್ದು ನಿಂತಿರುವಾಗ ಮೊದಲು ಒಳ ಉಡುಪಿನ ಜಾಹೀರಾತು ಓಡಿದ್ದನ್ನು ಕಂಡಿದ್ದೇನೆ. ಸಾಕು.

ಧ್ವನಿಯ ಕಥೆ ಬೇರೆಯೇ. ಚಿತ್ರ ಬರುತ್ತದೆ, ಶಬ್ದ ಇಲ್ಲ. ಸೌಂಡಿನವರು ತಮ್ಮ ಮಿಕ್ಸರಿನ ಎಲ್ಲ ಗುಂಡಿ ತಿರುಗಿಸುತ್ತಾರೆ, ವೈರ್ ಕಿತ್ತು ಹಾಕುತ್ತಾರೆ. ವಿಷಯ ಇಷ್ಟೇ: ಪರದೆಗೆ ಹೋಗುವ ಎಚ್‌ಡಿಎಂಐ ಕೇಬಲ್ ಚುಚ್ಚಿದ ಕೂಡಲೇ ವಿಂಡೋಸ್ ಎಷ್ಟೋ ಸಲ ಶಬ್ದವನ್ನೂ ಅದೇ ಕೇಬಲ್‌ಗೆ ಕಳಿಸಿಬಿಡುತ್ತದೆ. ಆ ತುದಿಯಲ್ಲಿರುವ ಎಲ್‌ಇಡಿ ಗೋಡೆಗೆ ಸ್ಪೀಕರೇ ಇಲ್ಲ. ಕೆಳಗೆ ಮೂಲೆಯಲ್ಲಿರುವ ಸ್ಪೀಕರ್ ಚಿಹ್ನೆ ಒತ್ತಿ, ಯಾವ ದಾರಿಯಲ್ಲಿ ಹೋಗಬೇಕು ಅಂತ ಆರಿಸಿದರೆ ಮುಗಿಯಿತು. ಕಾರ್ಯಕ್ರಮದ ನಡುವೆ ಕೇಬಲ್ ಒಂದು ಸಲ ಸಡಿಲವಾಗಿ ಮತ್ತೆ ಕೂತರೂ ಇದೇ ಆಟ ಮತ್ತೆ ಶುರು. ಅದಕ್ಕೇ ನಾನು ಕೇಬಲ್ಲಿನ ಬುಡವನ್ನು ಟೇಪ್ ಹಾಕಿ ಮೇಜಿಗೆ ಅಂಟಿಸುತ್ತೇನೆ. ನೋಡಲು ಚೆನ್ನಾಗಿಲ್ಲ, ಪರವಾಗಿಲ್ಲ.

ತುಟಿಗೂ ಮಾತಿಗೂ ತಾಳೆಯಾಗದೆ ಇರುವುದು ಇನ್ನೊಂದು ದೂರು. ಫೋನುಗಳು ಒಂದೇ ವೇಗದಲ್ಲಿ ಫ್ರೇಮ್, ಅಂದರೆ ವಿಡಿಯೋದ ಒಂದೊಂದು ಚಿತ್ರ, ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ ನಿಧಾನ, ಜಾಸ್ತಿಯಾದರೆ ಬೇಗ. ಕೆಲವು ಸಾಫ್ಟ್‌ವೇರ್ ಈ ಏರಿಳಿತ ತಡೆದುಕೊಳ್ಳುವುದಿಲ್ಲ, ವಿಡಿಯೋ ಮುಂದೆ ಹೋದಂತೆ ದನಿ ಜಾರುತ್ತಾ ಹೋಗುತ್ತದೆ. ಇದಕ್ಕೆ ವಿಡಿಯೋವನ್ನು ಬೇರೆ ರೂಪಕ್ಕೆ ಬದಲಾಯಿಸುವ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಫಾಸ್ಟ್ 1080ಪಿ30 ಅಂತ ಆರಿಸಿ, ವಿಡಿಯೋ ಟ್ಯಾಬ್‌ನಲ್ಲಿ ಕಾನ್ಸ್‌ಟಂಟ್ ಫ್ರೇಮ್‌ರೇಟ್ ಒತ್ತಿ, ಶುರು ಮಾಡಿ. ಚಿಕ್ಕ ವಿಡಿಯೋ ಆದರೆ ಟೀ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ನನ್ನ ಕೈಗೆ ಬರುವ ಪ್ರತಿ ಫೈಲನ್ನೂ, ಚೆನ್ನಾಗಿದೆ ಅನ್ನಿಸಿದರೂ, ಇದರಲ್ಲಿ ಒಂದು ಸುತ್ತು ಹಾಕಿಸುತ್ತೇನೆ. ಎಚ್.264, ಎಎಸಿ, 30 ಫ್ರೇಮ್. ಎಲ್ಲವೂ ಒಂದೇ ಅಳತೆಗೆ ಬಂದರೆ ಅರ್ಧ ತಲೆನೋವು ಹೋಗುತ್ತದೆ.

ಆದರೆ ಇದಕ್ಕೆಲ್ಲ ಹೊತ್ತು ಬೇಕಲ್ಲ? ಸನ್ಮಾನದ ನಡುವೆ ಕೈಗೆ ಬಂದ ಫೈಲಿಗೆ ಯಾವ ಹ್ಯಾಂಡ್‌ಬ್ರೇಕ್ ಹಾಕುವುದು?

ಇಲ್ಲೇ ನನಗೆ ನಮ್ಮ ಸಂಘಟಕರ ಮೇಲೆ ಬೇಜಾರು. ಹಾರ ಎಷ್ಟು, ಶಾಲು ಎಷ್ಟು, ವೇದಿಕೆ ಮೇಲೆ ಕುರ್ಚಿ ಎಷ್ಟು, ಯಾರ ಹೆಸರು ಮೊದಲು ಅನ್ನುವುದನ್ನೆಲ್ಲ ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ಎಲ್‌ಇಡಿಗೆ ಸಾವಿರಾರು ರೂಪಾಯಿ ಬಾಡಿಗೆ ಕೊಡುತ್ತಾರೆ. ಅದರಲ್ಲಿ ಏನು ಓಡಬೇಕು ಅನ್ನುವುದು ಮಾತ್ರ ಕೊನೆಯ ಹತ್ತು ನಿಮಿಷದ ವಿಷಯ. ಹಿಂದಿನ ದಿನ ಸಂಜೆಯೊಳಗೆ ಕೊಡಿ ಅಂದರೆ "ಏನ್ ಸಾರ್, ನಾಸಾ ಥರ ಮಾತಾಡ್ತೀರಿ" ಅನ್ನುತ್ತಾರೆ. ಕೊಟ್ಟರೂ ವಾಟ್ಸ್ಯಾಪಿನಲ್ಲಿ ಸುಮ್ನೆ ಫಾರ್ವರ್ಡ್ ಮಾಡುತ್ತಾರೆ, ಅದು ಹಿಂಡಿ ಹಿಪ್ಪೆ ಮಾಡಿದ ವಿಡಿಯೋ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಬರುತ್ತದೆ. 2022ರಿಂದ 2 ಜಿಬಿವರೆಗೂ ಹಾಗೆ ಕಳಿಸಬಹುದು.

ಚರ್ಚಿನಲ್ಲಿ ಕೆಲವರು "ಪ್ರೊಪ್ರೆಸೆಂಟರ್‌ಗೆ ಹೋಗೋಣ, ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ಒಳ್ಳೆಯ ಸಾಫ್ಟ್‌ವೇರೇ, ನನಗೂ ಇಷ್ಟ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಮುಂದಿನದ್ದು ಏನು ಅಂತ ನನಗೆ ಬೇರೆ ಕಾಣುತ್ತದೆ, ಜನರಿಗೆ ಬೇರೆ ಕಾಣುತ್ತದೆ. ಆದರೆ ಕೆಟ್ಟ ಫೈಲ್ ಅಲ್ಲಿಯೂ ಕೆಟ್ಟದ್ದೇ. ವಿಂಡೋಸ್ ಮತ್ತು ಪಿ ಕೀ ಒತ್ತಿ ಎಕ್ಸ್‌ಟೆಂಡ್, ಅಂದರೆ ಎರಡು ಪರದೆಗೂ ಬೇರೆ ಬೇರೆ ನೋಟ, ಇಡುವುದನ್ನು ಬಿಟ್ಟು ಡೂಪ್ಲಿಕೇಟ್ ಇಟ್ಟರೆ ಯಾವ ಸಾಫ್ಟ್‌ವೇರ್ ತಂದರೂ ನನಗೆ ಕಾಣುವುದೇ ಜನರಿಗೂ ಕಾಣುತ್ತದೆ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಸಣ್ಣ ಚಿಪ್ಪಿನ ಮೇಲೇ ಓಡುತ್ತಿದ್ದರೆ ದುಬಾರಿ ಸಾಫ್ಟ್‌ವೇರೂ ತಡವರಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್‌ನಲ್ಲಿ ಆ ಸಾಫ್ಟ್‌ವೇರಿನ ಹೆಸರು ಸೇರಿಸಿ ಹೈ ಪರ್ಫಾರ್ಮೆನ್ಸ್ ಕೊಡಿ, ಚಾರ್ಜರ್ ಚುಚ್ಚಿಡಿ. ಇವಕ್ಕೆ ದುಡ್ಡೇನೂ ಬೇಡ.

ನಾನು ಈಗ ಒಂದು ನಿಯಮ ಮಾಡಿಕೊಂಡಿದ್ದೇನೆ. ಪ್ರಾರ್ಥನೆ ಗೀತೆ ಶುರುವಾದ ಮೇಲೆ ಬಂದ ಪೆನ್‌ಡ್ರೈವ್ ಮುಟ್ಟುವುದಿಲ್ಲ. ಮುಖ್ಯ ಅತಿಥಿಯದ್ದಾದರೂ ಸರಿ, ಶಾಸಕರ ಪಿಎ ಬಂದು ನಿಂತರೂ ಸರಿ. ಕೆಲವರಿಗೆ ಕೋಪ ಬಂದಿದೆ, ಬರಲಿ.

ಇಷ್ಟೆಲ್ಲ ಮಾಡಿದ ಮೇಲೂ ಒಮ್ಮೊಮ್ಮೆ ನಿಲ್ಲುತ್ತದೆ. ಆಗ ಪವರ್‌ಪಾಯಿಂಟ್ ಆದರೆ ಬಿ ಒತ್ತಿ, ಪರದೆ ಕಪ್ಪಾಗುತ್ತದೆ. ನಿಮ್ಮ ಗ್ಯಾಸ್ ಬಿಲ್ ಜನರಿಗೆ ಕಾಣುವುದಿಲ್ಲ. ನಿರೂಪಕರಿಗೆ ಕೈಸನ್ನೆ ಮಾಡಿ, ಮುಂದಿನ ಕಾರ್ಯಕ್ರಮ ಕರೆಯಲಿ. ಎಲ್ಲರ ಮುಂದೆ ಮೂರು ಸಲ ಪ್ಲೇ ಒತ್ತಿ ಒದ್ದಾಡಬೇಡಿ. ಆ ವಿಡಿಯೋ ಸರಿಮಾಡಿಕೊಂಡು ಊಟದ ಹೊತ್ತಿಗೆ ಹಾಕಿ. ಭಾಷಣಗಳ ನಡುವೆ ಫೋನ್ ನೋಡುತ್ತಾ ಕೂತವರು ಆಗ ಎಲೆ ಮುಂದೆ ಕೂತು ತಲೆಯೆತ್ತಿ ಪೂರ್ತಿ ನೋಡುತ್ತಾರೆ, ಪಾಯಸ ಬರುವವರೆಗೂ.