ಸತ್ಯಾಂಶ: ಮರಗಟ್ಟಿಸುವ ಜೆಲ್ ಹಚ್ಚಿದರೆ ಸಾಕೇ?

ಬಳ್ಳಾರಿ, ರಾಯಚೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಗುದಸಂಭೋಗದ ಬಗ್ಗೆ ಒಂದು ಸಂದೇಶ ಆಗಾಗ ಸುತ್ತುತ್ತದೆ. ಮೊದಲ ಸಲ ನೋವು ಸಹಜ, ಮರಗಟ್ಟಿಸುವ ಜೆಲ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು ಅಂತ. ಇದು ತಪ್ಪು.

ನೋವು ಅಂದರೆ ನಿಲ್ಲಿಸಿ ಎಂಬ ಸೂಚನೆ. ಅದನ್ನು ಮರೆಸಿದರೆ ಒಳಗೆ ಗಾಯವಾದರೂ ಗೊತ್ತಾಗುವುದಿಲ್ಲ. ಗುದದಲ್ಲಿ ಬಿಗಿಯಾದ ಎರಡು ಸ್ನಾಯುಗಳಿವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ನಿಧಾನವಾಗಿಯೇ ಸಡಿಲಾಗುತ್ತದೆ. ಯೋನಿಯಂತೆ ಅಲ್ಲಿ ತಾನಾಗಿ ಜಾರುವಿಕೆಯೂ ಬರುವುದಿಲ್ಲ. ಹಾಗಾಗಿ ಇಬ್ಬರಿಗೂ ಒಪ್ಪಿಗೆಯಿದ್ದರೆ, ನೀರು ಆಧಾರಿತ (ವಾಟರ್-ಬೇಸ್ಡ್), ಎಣ್ಣೆಯಿಲ್ಲದ ಲೂಬ್ರಿಕೆಂಟ್ ಜಾಸ್ತಿಯೇ ಹಚ್ಚಿ, ಉಗುರು ಕತ್ತರಿಸಿದ ಒಂದು ಬೆರಳಿನಿಂದ ಶುರು ಮಾಡಿ. ಮುಂದಿನದು ಬೇರೆ ದಿನಕ್ಕಿರಲಿ, ಅವಸರ ಏನಿದೆ? ಲೈಂಗಿಕ ಆಟಿಕೆಯಾದರೆ ಬುಡ ಅಗಲವಾಗಿರಬೇಕು. ಇಲ್ಲದಿದ್ದರೆ ಒಳಗೇ ಸೇರಿಕೊಳ್ಳಬಹುದು.

ಎಣ್ಣೆಯ ಮಾತನ್ನು ನೀವೇ ಪರೀಕ್ಷಿಸಬಹುದು. ಲ್ಯಾಟೆಕ್ಸ್ ಕಾಂಡೋಮ್ ಪ್ಯಾಕೆಟ್ ಓದಿ. ಎಣ್ಣೆ, ವ್ಯಾಸಲೀನ್ ಬೇಡ ಎಂಬ ಎಚ್ಚರಿಕೆ ಸಾಮಾನ್ಯವಾಗಿ ಇರುತ್ತದೆ, ಯಾಕೆಂದರೆ ಅವು ರಬ್ಬರನ್ನು ದುರ್ಬಲ ಮಾಡುತ್ತವೆ. ಮರಗಟ್ಟಿಸುವ ಜೆಲ್ ಜೊತೆ ಬರುವ ಚೀಟಿಯನ್ನೂ ಓದಿ, ಅದು ಯಾವುದಕ್ಕೆ ಅಂತ ಅಲ್ಲೇ ಬರೆದಿರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಲು ಮುಜುಗರ ಅಂತಲೇ ಜನ ಇಂಥ ಸಂದೇಶ ನಂಬುತ್ತಾರೆ, ಅಲ್ವಾ? ಆದರೆ ರಕ್ತ ನಿಲ್ಲದಿದ್ದರೆ ಅಥವಾ ಹೊಟ್ಟೆ ತೀವ್ರವಾಗಿ ನೋಯುತ್ತಿದ್ದರೆ ಮುಜುಗರ ಬಿಟ್ಟು ಜಿಲ್ಲಾ ಆಸ್ಪತ್ರೆಗೆ ಹೋಗಿ.